ತಂಪು ಗಾಳಿ ಶುದ್ಧ ಗಾಳಿಯಲ್ಲ

ಭಾರತದ ನಗರಗಳಲ್ಲಿ ಕಚೇರಿಯ ಗಾಳಿಯನ್ನು ಕುರಿತು ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ನಂಬಿಕೆಯೊಂದಿದೆ: ಹವಾನಿಯಂತ್ರಣ ಇರುವ, ಗಾಜಿನ ಗೋಡೆಯಿಂದ ಹೊರಗಿನ ಧೂಳನ್ನೂ ಸದ್ದನ್ನೂ ತಡೆದಿರುವ, ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪೂ ಮೂಗಿಗೆ ಸುವಾಸನೆಯೂ ತಾಗುವ ಕಟ್ಟಡದಲ್ಲಿ ಗಾಳಿ ಚೆನ್ನಾಗಿಯೇ ಇರುತ್ತದೆ ಎಂಬುದು. ಕಟ್ಟಡವನ್ನು ಬಾಡಿಗೆಗೆ ಕೊಡುವವರು, ಬಾಡಿಗೆಗೆ ಹಿಡಿಯುವವರು, ಅದನ್ನು ನೋಡಿಕೊಳ್ಳುವ ಫೆಸಿಲಿಟಿ ವಿಭಾಗದವರು, ಅದರೊಳಗೆ ದಿನಕ್ಕೆ ಎಂಟೊಂಬತ್ತು ಗಂಟೆ ಕೂತು ದುಡಿಯುವ ನೌಕರರು ಹೀಗೆ ಎಲ್ಲರೂ ಈ ನಂಬಿಕೆಯಲ್ಲಿ ಒಂದೇ ಪಕ್ಷದವರು. ಗಾಳಿಯ ಬಗ್ಗೆ ದೂರು ಎಂದರೆ 22 ಡಿಗ್ರಿ ಇರಲೋ 25 ಇರಲೋ ಎಂಬ ತಕರಾರು ಎಂದೇ ಅವರೆಲ್ಲ ತಿಳಿದಿದ್ದಾರೆ. ಸರ್ಕಾರದ ಗಮನವೂ ಇದೇ ಅಂಕಿಯ ಸುತ್ತ ನಿಂತಿದೆ. ಇಂಧನ ದಕ್ಷತಾ ಬ್ಯೂರೋದ ನಿಯಮದ ಪ್ರಕಾರ 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಮಾರುಕಟ್ಟೆಗೆ ಬರಬೇಕು. ಅದೊಂದು ಒಳ್ಳೆಯ ನಿಯಮವೇ. ಆದರೆ ಅದೇ ಕೋಣೆಯಲ್ಲಿ ತಲೆಗೆ ಎಷ್ಟು ಹೊಸ ಗಾಳಿ ಸಲ್ಲಬೇಕು ಎಂಬ ಪ್ರಶ್ನೆಯನ್ನು ಕೇಳುವವರೂ ಇಲ್ಲ, ಕೇಳಿದರೆ ಉತ್ತರ ಹೇಳಬಲ್ಲವರು ಆ ಕಚೇರಿಯಲ್ಲಿ ಸಿಗುವುದೂ ಅಪರೂಪ. ಈ ನಂಬಿಕೆ ಬುಡದಲ್ಲಿಯೇ ತಪ್ಪಾಗಿದೆ. ಗಾಳಿ ಉಸಿರಾಡಲು ಯೋಗ್ಯವೇ ಎಂಬುದು ಅದು ಎಷ್ಟು ಬೇಗ ಬದಲಾಗುತ್ತದೆ, ಒಳಗೆ ಬರುವ ಮುನ್ನ ಎಷ್ಟು ಸೋಸಲ್ಪಡುತ್ತದೆ, ಒಳಗಿದ್ದಾಗ ಏನೇನನ್ನು ಹೊತ್ತುಕೊಳ್ಳುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ; ಹೆಚ್ಚಿನ ಕಚೇರಿಗಳಲ್ಲಿ ತಂಪು ಈ ಮೂರೂ ವಿಷಯಗಳಲ್ಲಿನ ಕೊರತೆಯನ್ನು ಮೈಗೆ ತಿಳಿಯದಂತೆ ಮುಚ್ಚಿಡುತ್ತಿದೆ.

ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಏ.ಸಿ.ಯಾಗಲಿ, ಫಾಲ್ಸ್ ಸೀಲಿಂಗ್‌ನಲ್ಲಿ ಕೂರಿಸುವ ಕ್ಯಾಸೆಟ್ ಏ.ಸಿ.ಯಾಗಲಿ, ಕೋಣೆಯಲ್ಲಿರುವ ಗಾಳಿಯನ್ನೇ ಎಳೆದುಕೊಂಡು, ತಣ್ಣಗಿನ ಲೋಹದ ಸುರುಳಿಯ ಮೇಲೆ ಹಾಯಿಸಿ, ಅದರ ಶಾಖವನ್ನೂ ಒಂದಿಷ್ಟು ತೇವವನ್ನೂ ಕಳೆದು, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ತಾರಸಿಯ ಮೇಲೆ ಗಿರಗಿರನೆ ತಿರುಗುವ ಹೊರಘಟಕದಿಂದ ತಾಜಾ ಗಾಳಿ ಒಳಗೆ ಬರುತ್ತದೆಂದು ವಿದ್ಯಾವಂತರೂ ನಂಬಿರುವುದುಂಟು. ವಾಸ್ತವದಲ್ಲಿ ಎರಡು ಘಟಕಗಳ ನಡುವೆ ಕೊಳವೆಯಲ್ಲಿ ಓಡಾಡುವುದು ಶಾಖವನ್ನು ಹೊರುವ ರಾಸಾಯನಿಕ ಮಾತ್ರ, ಗಾಳಿಯ ಒಂದು ಹನಿಯೂ ಅತ್ತಿಂದಿತ್ತ ಬರುವುದಿಲ್ಲ. ಒಂದೇ ಬಾನಿಯ ನೀರಿನಲ್ಲಿ ಹತ್ತು ಮಂದಿ ಕೈ ತೊಳೆದ ಮೇಲೆ ಆ ನೀರಿಗೆ ಮಂಜುಗಡ್ಡೆ ಹಾಕಿ ಹನ್ನೊಂದನೆಯವರ ಮುಂದಿಟ್ಟರೆ ಯಾರೂ ಅದನ್ನು ಶುದ್ಧ ನೀರೆಂದು ಒಪ್ಪುವುದಿಲ್ಲ. ಹೊಸ ಗಾಳಿಯ ದಾರಿಯಿಲ್ಲದ ಏ.ಸಿ. ಕೋಣೆಯಲ್ಲಿ ನಡೆಯುತ್ತಿರುವುದು ಇದೇ. ಕುಳಿತು ಕೆಲಸ ಮಾಡುವ ವ್ಯಕ್ತಿ ಎಂಟು ಗಂಟೆಗಳಲ್ಲಿ ಹೆಚ್ಚುಕಡಿಮೆ 4,000 ಲೀಟರ್, ಎಂದರೆ ತೂಕದಲ್ಲಿ ನಾಲ್ಕು ಕೆ.ಜಿ.ಗೂ ಮೇಲ್ಪಟ್ಟ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಅದೇ ಅವಧಿಯಲ್ಲಿ ಅವನು ಕುಡಿಯುವ ಒಂದೆರಡು ಲೀಟರ್ ನೀರಿಗಾಗಿ ಕಚೇರಿ ಶೋಧಕ ಯಂತ್ರ ಕೊಳ್ಳುತ್ತದೆ, ಕ್ಯಾನ್‌ನ ಮೇಲಿನ ಸೀಲು ನೋಡುತ್ತದೆ, ಕಾಲಕಾಲಕ್ಕೆ ಪರೀಕ್ಷೆಗೆ ಕಳಿಸುತ್ತದೆ.

ಮುಚ್ಚಿದ ಕೋಣೆಯಲ್ಲಿ ಜನರ ಉಸಿರೇ ಗಾಳಿಯನ್ನು ಕೆಡಿಸುತ್ತದೆ ಎಂಬುದು ಹೊಸ ಸಂಶೋಧನೆಯಲ್ಲ. ಮ್ಯೂನಿಕ್ ನಗರದ ಆರೋಗ್ಯಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಷ್ಟು ಹಿಂದೆಯೇ, ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರಕ್ಕೆ ಒಂದು ಭಾಗವನ್ನು ಮೀರಿದರೆ ಆ ಗಾಳಿ ಜನರು ಬಹುಕಾಲ ಇರಲು ತಕ್ಕದ್ದಲ್ಲವೆಂದು ಹೇಳಿದ್ದನು. ಇಂದಿನ ಲೆಕ್ಕದಲ್ಲಿ ಇದು 1,000 ಪಿಪಿಎಂ. ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಆ ಅನಿಲದ ಪಾಲು ಎಷ್ಟು ಎಂಬ ಅಳತೆ. ಹೊರಗಿನ ಗಾಳಿಯಲ್ಲಿ ಈಗ ಇದು ಸುಮಾರು 420 ಇದ್ದರೆ, ಮನುಷ್ಯ ಹೊರಬಿಡುವ ಉಸಿರಿನಲ್ಲಿ 40,000ದ ಆಸುಪಾಸು ಇರುತ್ತದೆ. ಪೆಟೆನ್‌ಕೋಫರ್‌ನ ಹೆಚ್ಚುಗಾರಿಕೆಯೆಂದರೆ, ಈ ಅನಿಲವೇ ವಿಷವೆಂದು ಅವನು ವಾದಿಸಲಿಲ್ಲ. ಜನರ ಮೈಯಿಂದಲೂ ಉಸಿರಿನಿಂದಲೂ ಹೊರಡುವ, ಅಳೆಯಲು ಬಾರದ ಇತರ ಎಲ್ಲ ಕಶ್ಮಲಗಳೂ ಇದರ ಜೊತೆಜೊತೆಗೇ ಏರುವುದರಿಂದ, ಅಳೆಯಬಲ್ಲ ಇದೊಂದನ್ನು ಸೂಚಕವಾಗಿ ಹಿಡಿದರೆ ಸಾಕೆಂದನು. ಒಂದೂವರೆ ಶತಮಾನದ ನಂತರವೂ ಗಾಳಿಯ ವಿನಿಮಯವನ್ನು ಅಳೆಯಲು ಇದಕ್ಕಿಂತ ಸುಲಭವಾದ ಉಪಾಯ ದೊರೆತಿಲ್ಲ.

ಈ ಸೂಚಕವನ್ನು ಹಿಡಿದು ಒಂದು ಸಾಮಾನ್ಯ ಮೀಟಿಂಗ್ ರೂಮನ್ನು ನೋಡಬಹುದು. ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 46,000 ಲೀಟರ್ ಗಾಳಿ ಹಿಡಿಸುತ್ತದೆ. ಗಾಜಿನ ಬಾಗಿಲು ಮುಚ್ಚಿದೆ, ಮೇಲೆ ಕ್ಯಾಸೆಟ್ ಏ.ಸಿ. ಓಡುತ್ತಿದೆ, ಹೊಸ ಗಾಳಿಯ ಡಕ್ಟ್ ಇಲ್ಲ, ಮೇಜಿನ ಸುತ್ತ ಹತ್ತು ಜನ ಕೂತಿದ್ದಾರೆ. ಕುಳಿತಿರುವ ವಯಸ್ಕರು ಗಂಟೆಗೆ ತಲಾ 18 ಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಹತ್ತು ಜನ 180 ಲೀಟರ್ ಬಿಡುತ್ತಾರೆ. ಎಂದರೆ ಪರಸ್ಪರ ಪರಿಚಯ ಮುಗಿದು ಪರದೆಯ ಮೇಲೆ ಮೊದಲ ಕೆಲವು ಸ್ಲೈಡುಗಳು ಬರುವಷ್ಟರಲ್ಲಿ, ಹತ್ತು ನಿಮಿಷ ತುಂಬುವ ಮೊದಲೇ, ಕೋಣೆ ಪೆಟೆನ್‌ಕೋಫರ್‌ನ ಮಿತಿಯನ್ನು ದಾಟುತ್ತದೆ. ಬಾಗಿಲಿನ ಸಂದಿಯಿಂದಲೂ ಸೀಲಿಂಗ್‌ನ ಬಿರುಕುಗಳಿಂದಲೂ ಗಂಟೆಗೊಮ್ಮೆ ಕೋಣೆಯ ಗಾಳಿಯಷ್ಟೂ ಬದಲಾಗುವ ಮಟ್ಟಿಗೆ ಸೋರಿಕೆ ಇದೆಯೆಂದು ಧಾರಾಳವಾಗಿ ಲೆಕ್ಕ ಹಿಡಿದರೂ, ಒಂದು ಗಂಟೆಯ ಸಭೆ ಮುಗಿಯುವಾಗ ಅಳತೆ 2,500ನ್ನು ಮೀರಿರುತ್ತದೆ. ಆ ಹೊತ್ತಿಗೆ ಅಲ್ಲಿನವರು ಎಳೆದುಕೊಳ್ಳುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಹೆಚ್ಚು, ಕೋಣೆಯಲ್ಲಿರುವ ಯಾರದೋ ಶ್ವಾಸಕೋಶದಿಂದ ಆಗಲೇ ಹೊರಬಂದದ್ದು. ಗೋಡೆಯ ಮೇಲಿನ ಥರ್ಮೋಸ್ಟಾಟ್ ಮಾತ್ರ 23 ಎಂದು ತೋರಿಸುತ್ತ, ಎಲ್ಲವೂ ಸರಿಯಾಗಿದೆಯೆಂದು ಹೇಳುತ್ತಿರುತ್ತದೆ. ಊಟದ ನಂತರದ ಸಭೆಯಲ್ಲಿ ಕಣ್ಣು ಕೂರುವುದಕ್ಕೂ ತಲೆ ಭಾರವಾಗುವುದಕ್ಕೂ ಅನ್ನಸಾರನ್ನು ದೂರುವವರು ಒಮ್ಮೆ ಬಾಗಿಲು ತೆರೆದಿಟ್ಟು ನೋಡಬೇಕು.

ಈ ಮಟ್ಟದ ಇಂಗಾಲದ ಡೈಆಕ್ಸೈಡ್ ವಿಷವಲ್ಲ, ಕಾರ್ಖಾನೆಗಳಲ್ಲಿ ಎಂಟು ಗಂಟೆಗೆ 5,000 ಪಿಪಿಎಂವರೆಗೆ ಒಪ್ಪಿಗೆಯಿದೆ ಎಂಬ ಮರುವಾದವನ್ನು ಎತ್ತುವವರಿದ್ದಾರೆ. ವಾದದ ಮೊದಲ ಭಾಗ ನಿಜ. ಅದರಿಂದ ತೆಗೆಯುವ ತೀರ್ಮಾನ ಮಾತ್ರ ಸುಳ್ಳು. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 22 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಈ ಅನಿಲವೊಂದನ್ನೇ 2,500ಕ್ಕೆ ಏರಿಸಿದಾಗ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯದ ಹೆಚ್ಚಿನ ಅಳತೆಗಳು ಕುಸಿದವು. ಕೆಲವು ವರ್ಷಗಳ ನಂತರ ಹಾರ್ವರ್ಡ್‌ನ ಸಂಶೋಧಕರು ಸಿರಕ್ಯೂಸ್‌ನಲ್ಲಿ 24 ಮಂದಿಯನ್ನು ಕಚೇರಿಯಂಥ ಕೋಣೆಯಲ್ಲಿ ಕೂರಿಸಿ ನಡೆಸಿದ ಪ್ರಯೋಗವೂ ಗಾಳಿಯ ವಿನಿಮಯ ಹೆಚ್ಚಿದಂತೆ ಬುದ್ಧಿಯ ಕೆಲಸ ಸುಧಾರಿಸಿದ್ದನ್ನು ತೋರಿಸಿತು. ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆದ ಪರೀಕ್ಷೆಯಲ್ಲಾದರೋ ಸಿಲಿಂಡರಿನಿಂದ ಬಿಟ್ಟ ಶುದ್ಧ ಇಂಗಾಲದ ಡೈಆಕ್ಸೈಡ್ 3,000 ಮುಟ್ಟಿದರೂ ಪರಿಣಾಮ ಕಾಣಲಿಲ್ಲ. ಆದರೆ ಅದೇ ಮಟ್ಟಕ್ಕೆ ಜನರ ಉಸಿರಿನಿಂದಲೇ, ಮೈಯ ಇತರ ಸ್ರಾವಗಳೊಡನೆ ಏರಿದಾಗ ತಲೆನೋವು, ಆಯಾಸ, ಕೆಲಸದ ನಿಧಾನ ಎಲ್ಲವೂ ಕಂಡವು. ಮರುವಾದಿಗಳು ಈ ಪರೀಕ್ಷೆಯ ಮೊದಲರ್ಧವನ್ನು ಮಾತ್ರ ಉಲ್ಲೇಖಿಸುತ್ತಾರೆ. ಯಾವ ಕಚೇರಿಗೂ ಈ ಅನಿಲ ಸಿಲಿಂಡರಿನಿಂದ ಬರುವುದಿಲ್ಲ. ಅಲ್ಲಿ ಅದು ಯಾವಾಗಲೂ ಉಸಿರಿನ ಸಂಗಾತಿ, ಸೋಂಕಿನ ಸಂಗಾತಿ, ಜೊತೆಗೆ ಪ್ಲೈವುಡ್ಡಿನ ಅಂಟಿನಿಂದಲೂ ಹೊಸ ಕಾರ್ಪೆಟ್‌ನಿಂದಲೂ ಹೊರಡುವ ಫಾರ್ಮಾಲ್ಡಿಹೈಡ್‌ನಂಥ ಆವಿಗಳು ಹೊರಹೋಗದೆ ಉಳಿದಿವೆ ಎಂಬುದರ ಗುರುತು.

ಗಾಳಿಯನ್ನು ಕಡಿತ ಮಾಡಿದರೆ ಏನಾಗುತ್ತದೆ ಎಂಬ ಪ್ರಯೋಗವನ್ನು ಜಗತ್ತು ಒಮ್ಮೆ ದೊಡ್ಡ ಪ್ರಮಾಣದಲ್ಲಿಯೇ ಮಾಡಿ ನೋಡಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಹಠದಲ್ಲಿ ಅಮೆರಿಕದ ಕಟ್ಟಡಗಳು ಬಿಗಿಯಾದವು. ಅಲ್ಲಿನ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ 1981ರ ತನ್ನ ಮಾನದಂಡದಲ್ಲಿ, ಧೂಮಪಾನವಿಲ್ಲದ ಕಚೇರಿಯಲ್ಲಿ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ, ಅಂದರೆ ಸೆಕೆಂಡಿಗೆ ಎರಡೂವರೆ ಲೀಟರಿನಷ್ಟು ಹೊಸ ಗಾಳಿ ಸಾಕೆಂದಿತು. ಮೇಲಿನ ಲೆಕ್ಕದಲ್ಲೇ ನೋಡಿದರೆ ಇದು ಕೋಣೆಯನ್ನು 2,400 ಪಿಪಿಎಂ ಸುಮಾರಿಗೆ ತಂದು ನಿಲ್ಲಿಸುವ ಪ್ರಮಾಣ. ಕಣ್ಣುರಿ, ಗಂಟಲು ಕೆರೆತ, ತಲೆನೋವು, ಮಂಪರು, ಕಟ್ಟಡದಿಂದ ಹೊರಬಿದ್ದ ಕೂಡಲೇ ಮಾಯವಾಗುವ ಈ ಲಕ್ಷಣಗಳು ಆ ಕಾಲದ ಕಚೇರಿಗಳಲ್ಲಿ ಎಷ್ಟು ವ್ಯಾಪಕವಾದವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಅವಕ್ಕೆ ರೋಗಗ್ರಸ್ತ ಕಟ್ಟಡದ ಲಕ್ಷಣಕೂಟ ಎಂಬರ್ಥದ ಹೆಸರನ್ನೇ ಕೊಟ್ಟು, ಹೊಸದಾಗಿ ಕಟ್ಟಿದ ಅಥವಾ ನವೀಕರಿಸಿದ ಕಟ್ಟಡಗಳಲ್ಲಿ ಶೇ. 30ರವರೆಗೂ ಇಂಥ ದೂರುಗಳಿರಬಹುದೆಂದು 1984ರಲ್ಲಿ ಎಚ್ಚರಿಸಿತು. 1989ರಲ್ಲಿ ಆಶ್ರೇ ತನ್ನ ಅಂಕಿಯನ್ನು ನಾಲ್ಕು ಪಟ್ಟು ಏರಿಸಿ 20 ಘನ ಅಡಿಗೆ ತಂದಿತು. ಬೆಂಗಳೂರು, ಹೈದರಾಬಾದ್, ಗುರುಗ್ರಾಮಗಳ ಗಾಜಿನ ಗೋಪುರಗಳು ಎದ್ದದ್ದು ಈ ತಿದ್ದುಪಡಿಯ ನಂತರ. ಎಂದರೆ ತಪ್ಪು ಗೊತ್ತಾಗಿ, ಪರಿಹಾರವೂ ಗೊತ್ತಾಗಿ, ಎಲ್ಲವೂ ಅಚ್ಚಾದ ಮೇಲೆ ಅದೇ ತಪ್ಪನ್ನು ಇಲ್ಲಿ ಮತ್ತೆ ಮಾಡಲಾಯಿತು. ಇದನ್ನು ಅಜ್ಞಾನವೆಂದು ಮನ್ನಿಸುವುದು ಕಷ್ಟ.

ನಕ್ಷೆಯಲ್ಲಿ ಹೊಸ ಗಾಳಿಯ ವ್ಯವಸ್ಥೆ ಇದ್ದೇ ಇರುತ್ತದೆ ಎಂದು ವಾಸ್ತುಶಿಲ್ಪಿಗಳು ಹೇಳುತ್ತಾರೆ. ದೊಡ್ಡ ಕಟ್ಟಡಗಳ ಮಟ್ಟಿಗೆ ಅದು ನಿಜವೂ ಹೌದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪ್ರಮಾಣಗಳಿವೆ, ಹಸಿರು ಕಟ್ಟಡದ ಪ್ರಮಾಣಪತ್ರ ಬೇಕಾದರೆ ಅವುಗಳನ್ನು ಲೆಕ್ಕ ಹಾಕಿ ತೋರಿಸಲೂ ಬೇಕು. ಆದರೆ ನಕ್ಷೆಯ ಗಾಳಿಯನ್ನು ಯಾರೂ ಉಸಿರಾಡುವುದಿಲ್ಲ. ಪ್ರತಿ ಮಹಡಿಯ ಮೂಲೆಯಲ್ಲಿ ಎಎಚ್‌ಯು ಎಂದು ಬರೆದ ಬಾಗಿಲೊಂದಿರುತ್ತದೆ. ಮಹಡಿಯ ಗಾಳಿಯೆಲ್ಲ ಮರಳಿ ಬಂದು, ಸೋಸಿ, ತಣಿದು, ಡಕ್ಟ್‌ಗಳ ಮೂಲಕ ಹಿಂತಿರುಗುವ ದೊಡ್ಡ ಪೆಟ್ಟಿಗೆ, ಅಂದರೆ ಏರ್ ಹ್ಯಾಂಡ್ಲಿಂಗ್ ಯೂನಿಟ್, ಇರುವುದು ಅಲ್ಲಿ. ಕಟ್ಟಡದ ಹೊರಗೋಡೆಯಲ್ಲಿ ಪಟ್ಟಿಪಟ್ಟಿಯ ಕಿಂಡಿ, ಅದರ ಹಿಂದೆ ತೆರೆದು ಮುಚ್ಚಬಲ್ಲ ತಗಡಿನ ರೆಕ್ಕೆಗಳ ಡ್ಯಾಂಪರ್. ಹೊಸ ಗಾಳಿ ಬರಬೇಕಾದ ದಾರಿ ಇದೊಂದೇ. ಆ ಡ್ಯಾಂಪರಿನ ಹಿಡಿಕೆಯನ್ನು ಮುಚ್ಚಿದ ಸ್ಥಾನಕ್ಕೆ ತಂತಿಯಿಂದ ಬಿಗಿದಿರುವುದು, ಕಿಂಡಿಗೆ ಥರ್ಮೋಕೋಲ್ ಹಲಗೆ ಒತ್ತಿ ಟೇಪು ಹಚ್ಚಿರುವುದು, ಬೂದುಬಣ್ಣದ ಧೂಳು ಕಂಬಳಿಯಂತೆ ಕಟ್ಟಿದ ಫಿಲ್ಟರು ಚೌಕಟ್ಟಿನಿಂದ ಅರ್ಧ ಜಾರಿ ಗಾಳಿಯೆಲ್ಲ ಪಕ್ಕದ ಸಂದಿಯಿಂದಲೇ ನುಗ್ಗುತ್ತಿರುವುದು ಈ ಕೆಲಸದವರಿಗೆಲ್ಲ ಚಿರಪರಿಚಿತ ದೃಶ್ಯ. ಜಾಗದ ಅಭಾವದಿಂದ ಅದೇ ಕೋಣೆ ಗುಡಿಸುವವರ ಉಗ್ರಾಣವೂ ಆಗಿ, ಫಿನಾಯಿಲ್ ಕ್ಯಾನು, ಒದ್ದೆ ಮಾಪು, ಅರ್ಧ ಖಾಲಿಯಾದ ಪೇಂಟಿನ ಡಬ್ಬ, ಎಲ್ಲವೂ ಅಲ್ಲಿ ಸೇರಿರುತ್ತವೆ. ಆ ಕೋಣೆಯ ಗಾಳಿಯೇ ಪೆಟ್ಟಿಗೆಯೊಳಗೆ ಎಳೆಯಲ್ಪಟ್ಟು ಇಡೀ ಮಹಡಿಗೆ ಹಂಚಿಕೆಯಾಗುತ್ತದೆ ಎಂಬುದು ಆ ಡಬ್ಬಗಳನ್ನು ಅಲ್ಲಿಡಲು ಹೇಳಿದವರಿಗೆ ಗೊತ್ತಿರುವುದಿಲ್ಲ. ಡ್ಯಾಂಪರ್ ಮುಚ್ಚಿದ ಟೆಕ್ನಿಷಿಯನ್‌ನನ್ನು ದೂರಿ ಫಲವಿಲ್ಲ. ಬೇಸಿಗೆಯಲ್ಲಿ ಮಹಡಿ ತಣ್ಣಗಾಗಲಿಲ್ಲವೆಂದರೆ, ಕರೆಂಟ್ ಬಿಲ್ಲು ಏರಿತೆಂದರೆ ಬೈಗುಳ ತಿನ್ನುವವನು ಅವನು. ಗಾಳಿ ಸಾಲದೆಂದು ಅವನನ್ನು ಯಾರೂ ಎಂದೂ ಕೇಳಿಲ್ಲ. ಕಟ್ಟಿದವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು, ಉಸಿರಾಡುವವರು ಮತ್ತೊಬ್ಬರು ಆದ ಕಡೆ ಗಾಳಿಯ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ.

ವಿದ್ಯುತ್ತಿನ ವಾದವೇ ಈ ನಂಬಿಕೆಯ ಮುಖ್ಯ ಆಸರೆ: ಹೊರಗಿನ ಬಿಸಿ ಗಾಳಿಯನ್ನು ತಂದು ತಣಿಸುವುದು ದುಬಾರಿ, ಆದ್ದರಿಂದ ಇದ್ದ ಗಾಳಿಯನ್ನೇ ಸುತ್ತಿಸುವುದು ಜಾಣತನ ಎಂಬುದು. ಚೆನ್ನೈನ ಮೇ ತಿಂಗಳಿಗೆ ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ, ಕಟ್ಟಡ ಸಂಹಿತೆಯೇ ಸಮಶೀತೋಷ್ಣ ವಲಯವೆಂದು ಗುರುತಿಸಿರುವ ಬೆಂಗಳೂರಿಗೆ ಇದನ್ನು ಅನ್ವಯಿಸುವುದು ಅನ್ಯಾಯ. ಇಲ್ಲಿ ಮಳೆಗಾಲದ ಸಂಜೆ, ಚಳಿಗಾಲದ ಬೆಳಗು, ವರ್ಷದ ಬಹುಪಾಲು ರಾತ್ರಿಗಳಲ್ಲಿ ಹೊರಗಿನ ಗಾಳಿ ಏ.ಸಿ.ಗೆ ನಿಗದಿಪಡಿಸಿದ 24 ಡಿಗ್ರಿಗಿಂತ ತಣ್ಣಗೇ ಇರುತ್ತದೆ. ಅಂಥ ಹೊತ್ತಿನಲ್ಲಿ, ಹೊರಗಿನ ಗಾಳಿ ತೀರ ತೇವವಾಗಿರದಿದ್ದರೆ, ಡ್ಯಾಂಪರ್ ಪೂರ್ತಿ ತೆರೆದಾಗ ಚಿಲ್ಲರಿನ, ಅಂದರೆ ತಣಿಸುವ ಯಂತ್ರದ, ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಕಂಪ್ಯೂಟರುಗಳ, ದೀಪಗಳ, ಜನರ ಶಾಖದಿಂದ ಕುದಿಯುವ ಮಹಡಿಯನ್ನು ಡಿಸೆಂಬರಿನ ರಾತ್ರಿಯಲ್ಲಿ, ಹೊರಗೆ 17 ಡಿಗ್ರಿಯ ಗಾಳಿ ಬೀಸುತ್ತಿರುವಾಗ, ಕಿಂಡಿ ಮುಚ್ಚಿಕೊಂಡು ಯಂತ್ರದಿಂದ ತಣಿಸುವುದೇ ನಿಜವಾದ ದುಂದು. ಬಿಸಿಲಿನ ತಿಂಗಳುಗಳಿಗೂ ದಾರಿಯಿದೆ: ಹೊರಹೋಗುವ ತಣ್ಣನೆಯ ಗಾಳಿಯ ತಂಪನ್ನು ಒಳಬರುವ ಬಿಸಿ ಗಾಳಿಗೆ ದಾಟಿಸುವ ತಿರುಗುಚಕ್ರಗಳು ದಶಕಗಳಿಂದ ಭಾರತದಲ್ಲೇ ತಯಾರಾಗುತ್ತಿವೆ. ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ತನ್ನ ಕ್ಯಾಂಪಸ್ಸಿನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ರೂಢಿಯ ಹವಾನಿಯಂತ್ರಣವನ್ನೂ ಇನ್ನೊಂದರಲ್ಲಿ ಕಾಂಕ್ರೀಟಿನ ಚಪ್ಪಡಿಯೊಳಗೆ ತಣ್ಣೀರು ಹರಿಸಿ ಕೋಣೆಯನ್ನು ತಂಪಾಗಿಡುವ ವ್ಯವಸ್ಥೆಯನ್ನೂ ಅಳವಡಿಸಿ ಹೋಲಿಸಿ ನೋಡಿತು. ಎರಡನೆಯದರಲ್ಲಿ ತಂಪಿನ ಕೆಲಸ ನೀರಿನದು, ಗಾಳಿಯ ಕೆಲಸ ಹೊರಗಿನಿಂದಲೇ ತಂದು ಸೋಸಿ ಒಣಗಿಸಿದ ಹೊಸ ಗಾಳಿಯದು. ಹೀಗೆ ಎರಡು ಕೆಲಸಗಳನ್ನು ಬೇರ್ಪಡಿಸಿದ ಭಾಗವೇ ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ತನ್ನು ಬಳಸಿತು. ಹೊಸ ಗಾಳಿಗೂ ಮಿತವ್ಯಯಕ್ಕೂ ವೈರವಿದೆ ಎಂಬ ಮಾತನ್ನು ಈ ಒಂದು ಕಟ್ಟಡವೇ ಅಲ್ಲಗಳೆಯುತ್ತದೆ.

ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನು ಯಾರೂ ತೆರೆಯುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ದೊಡ್ಡ ಉದ್ಯಮದ 40 ಕಟ್ಟಡಗಳಲ್ಲಿ 3,720 ನೌಕರರ ರಜೆಯ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರಿಗೆ ಸೆಕೆಂಡಿಗೆ 24 ಲೀಟರ್ ಹೊಸ ಗಾಳಿ ಸಿಗುವ ಕಡೆಗಿಂತ 12 ಲೀಟರ್ ಸಿಗುವ ಕಡೆ ಅನಾರೋಗ್ಯದ ರಜೆಗಳು ಗಮನಾರ್ಹವಾಗಿ ಹೆಚ್ಚಿರುವುದನ್ನು ಕಂಡಿತು. ಅದರಲ್ಲಿ ಕಡಿಮೆಯೆನಿಸಿಕೊಂಡ 12 ಲೀಟರ್ ಸಹ ಇಲ್ಲಿನ ಎಷ್ಟೋ ಕಚೇರಿಗಳ ಪಾಲಿಗೆ ಐಶ್ವರ್ಯವೇ ಸರಿ. ಯಾವ ಕಚೇರಿಯಲ್ಲೂ ಸಂಬಳದ ಮೊತ್ತದ ಮುಂದೆ ವಿದ್ಯುತ್ತಿನ ಮೊತ್ತ ಅಲ್ಪ. ಕೆಲವರು ತಿಂಗಳಿಗೊಂದು ದಿನ ಕಡಿಮೆ ಹಾಸಿಗೆ ಹಿಡಿದರೂ ಸಾಕು, ತೆರೆದ ಡ್ಯಾಂಪರಿನ ಖರ್ಚು ಹುಟ್ಟಿಬಿಡುತ್ತದೆ.

ಕೋವಿಡ್ ಸಾಂಕ್ರಾಮಿಕ ಹೊಸ ಗಾಳಿಯ ಬೆಲೆಯನ್ನು ಅತ್ಯಂತ ಕ್ರೂರವಾಗಿ ಕಲಿಸಿತು, ಕಲಿತದ್ದು ಅಷ್ಟೇ ಬೇಗ ಮರೆತುಹೋಯಿತು. 2020ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಕಟ್ಟಡವೊಂದರ 11ನೇ ಮಹಡಿಯಲ್ಲಿದ್ದ ಕಾಲ್ ಸೆಂಟರಿನ 216 ನೌಕರರಲ್ಲಿ 94 ಮಂದಿಗೆ ಸೋಂಕು ತಗುಲಿತು. ಅವರಲ್ಲಿ ಬಹುತೇಕರು ಮಹಡಿಯ ಒಂದೇ ಪಾರ್ಶ್ವದಲ್ಲಿ ಒತ್ತೊತ್ತಾಗಿ ಕೂರುತ್ತಿದ್ದವರು. ಅದೇ ಕಟ್ಟಡದ ಬೇರೆ ಮಹಡಿಗಳವರು ಅದೇ ಲಿಫ್ಟಿನಲ್ಲಿ ಓಡಾಡಿದರೂ ಅವರಲ್ಲಿ ಸೋಂಕಿತರು ಬೆರಳೆಣಿಕೆಯಷ್ಟು. ಮುಟ್ಟುವ ಬಾಗಿಲ ಹಿಡಿಕೆಗಿಂತ ಹಂಚಿಕೊಳ್ಳುವ ಗಾಳಿ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ನಿಚ್ಚಳ ನಿದರ್ಶನ ಬೇಕಿಲ್ಲ. ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ ಅದೇ ವರ್ಷದ ಏಪ್ರಿಲಿನಲ್ಲಿ, ಕೋಣೆ ಏ.ಸಿ. ಓಡುವಾಗಲೂ ಕಿಟಕಿಯನ್ನು ತುಸು ತೆರೆದಿಡಬೇಕೆಂದು ಸಲಹೆ ಕೊಟ್ಟಿತು. ಕಚೇರಿಗಳು ಮಾಡಿದ್ದಾದರೂ ಸ್ಯಾನಿಟೈಸರ್ ಬಾಟಲಿ ಇಟ್ಟದ್ದು, ಮೇಜು ಒರೆಸಿದ್ದು, ನೆಲಕ್ಕೆ ವೃತ್ತಗಳನ್ನು ಅಂಟಿಸಿದ್ದು. ಆ ಕಾಲದಲ್ಲಿ ತೆರೆದ ಕೆಲವು ಕಿಂಡಿಗಳೂ ಜನ ಮರಳಿ ಬಂದ ಮೇಲೆ ಮುಚ್ಚಿದವು.

ಹೊರಗೆ ಧೂಳು ಹೊಗೆ ತುಂಬಿರುವಾಗ ಆ ಗಾಳಿಯನ್ನು ಒಳಗೆ ಕರೆಯುವುದು ಮೂರ್ಖತನವಲ್ಲವೇ ಎಂಬ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು, ಗೌರವದಿಂದಲೇ ಉತ್ತರಿಸಬೇಕಾದದ್ದು. ಕೂದಲಿನ ದಪ್ಪದ ಇಪ್ಪತ್ತರಲ್ಲೊಂದು ಭಾಗಕ್ಕಿಂತಲೂ ಸಣ್ಣದಾದ, ಪಿಎಂ 2.5 ಎಂದು ಕರೆಯುವ ಕಣಗಳಿಗೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 5. ಬೆಂಗಳೂರು ಈ ಎರಡನೆಯ ಮಿತಿಯನ್ನು ಹಲವು ಪಟ್ಟು ಮೀರುತ್ತದೆ, ದೆಹಲಿಯ ಚಳಿಗಾಲದ ಮಾತಂತೂ ಹೇಳುವಂತಿಲ್ಲ. ಆದರೆ ಕಿಟಕಿ ಮುಚ್ಚಿದ ಮಾತ್ರಕ್ಕೆ ಈ ಕಣಗಳು ಹೊರಗುಳಿಯುವುದಿಲ್ಲ. ಬಾಗಿಲು, ಲಿಫ್ಟಿನ ಬಾವಿ, ಪಾರ್ಕಿಂಗಿನ ಇಳಿಜಾರು, ಸಂದುಗೊಂದುಗಳೆಲ್ಲದರಿಂದ ಸೋಸದ ಗಾಳಿಯಾಗಿಯೇ ನುಸುಳುತ್ತವೆ. ಹೊಸ ಗಾಳಿಯನ್ನು ಫ್ಯಾನಿನಿಂದ ಒಳಕ್ಕೆ ತಳ್ಳಿ ಕಟ್ಟಡದೊಳಗಿನ ಒತ್ತಡವನ್ನು ಹೊರಗಿಗಿಂತ ಸ್ವಲ್ಪ ಹೆಚ್ಚಿಟ್ಟರೆ ಗಾಳಿ ಈ ಸಂದುಗಳಿಂದ ಹೊರಕ್ಕೆ ಹೋಗುತ್ತದೆ, ಒಳಬರುವ ದಾರಿ ಒಂದೇ ಆಗುತ್ತದೆ, ಆ ದಾರಿಯಲ್ಲಿ ತಕ್ಕ ಫಿಲ್ಟರನ್ನು ನಿಲ್ಲಿಸಬಹುದು. ಮರ್ವ್ 13 ಎಂಬ ದರ್ಜೆಯ ಫಿಲ್ಟರು ಒಂದರಿಂದ ಮೂರು ಮೈಕ್ರಾನಿನ ಕಣಗಳಲ್ಲಿ ಶೇ. 85ಕ್ಕೂ ಹೆಚ್ಚನ್ನು, ಅದಕ್ಕಿಂತ ಸೂಕ್ಷ್ಮವಾದವುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಹಿಡಿಯುತ್ತದೆ; ಸಾಮಾನ್ಯ ಏ.ಸಿ.ಗಳಲ್ಲಿರುವ, ನೀರಿನಲ್ಲಿ ತೊಳೆದು ಮತ್ತೆ ಹಾಕುವ ಜಾಲರಿಯಾದರೋ ಯಂತ್ರವನ್ನು ಧೂಳಿನಿಂದ ಕಾಪಾಡುತ್ತದೆ, ಮನುಷ್ಯನನ್ನಲ್ಲ. ಹೊರಗಿನ ಗಾಳಿ ಕೆಟ್ಟಷ್ಟೂ ಬೇಕಾಗುವುದು ಒಳ್ಳೆಯ ಫಿಲ್ಟರು. ಮುಚ್ಚಿದ ಡ್ಯಾಂಪರ್ ಅದಕ್ಕೆ ಬದಲಿಯಲ್ಲ.

ಗಾಳಿಯ ಬಗ್ಗೆ ಕಾಳಜಿಯುಳ್ಳ ಕಚೇರಿಗಳೂ ದಾರಿ ತಪ್ಪುವುದು ಅಲಂಕಾರದ ಪರಿಹಾರಗಳಲ್ಲಿ. ಕುಂಡದ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ಮಾತಿನ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಹೇಗೂ ನಡೆಯುವ ಗಾಳಿಯ ವಿನಿಮಯಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ತಿಳಿಯಿತು. ಗಿಡಗಳು ಕಣ್ಣಿಗೆ ಹಿತ, ಇರಲಿ. ಆದರೆ ರಿಸೆಪ್ಷನ್ನಿನ ಎರಡು ಮನಿಪ್ಲಾಂಟುಗಳನ್ನು ತೋರಿಸಿ ಗಾಳಿಯ ಹೊಣೆ ತೀರಿತೆನ್ನುವುದನ್ನು ಒಪ್ಪಲಾಗದು. ಸುವಾಸನೆಯ ಸ್ಪ್ರೇಗಳು ಇದಕ್ಕಿಂತ ಕೆಟ್ಟವು. ನಿಂಬೆ, ಕಿತ್ತಳೆಯ ಪರಿಮಳ ಕೊಡುವ ಲಿಮೋನೀನ್‌ನಂಥ ದ್ರವ್ಯ ಓಝೋನ್ ಅನಿಲದೊಂದಿಗೆ ಸೇರಿದಾಗ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಗಾಳಿ ಶುದ್ಧಿಗೆಂದು ಮಾರುವ ಕೆಲವು ಅಯಾನೈಸರ್‌ಗಳೂ ಹಳೆಯ ಲೇಸರ್ ಪ್ರಿಂಟರುಗಳೂ ಆ ಓಝೋನನ್ನು ಒದಗಿಸುತ್ತವೆ. ಒಳ್ಳೆಯ ಹೆಪಾ ಫಿಲ್ಟರಿನ ಪ್ಯೂರಿಫೈಯರ್ ಕಣಗಳನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟೂ ಇಳಿಸದು, ಹೊಸ ಗಾಳಿಯನ್ನು ಒಂದು ಲೀಟರೂ ತಾರದು.

ಗಾಳಿ ಕೆಟ್ಟಿದ್ದರೆ ನೌಕರರೇ ಹೇಳುತ್ತಿದ್ದರಲ್ಲ ಎಂಬ ಸಮಾಧಾನವೂ ಸಲ್ಲದು. ಮೂಗು ಕೆಲವೇ ನಿಮಿಷಗಳಲ್ಲಿ ಇರುವ ವಾಸನೆಗೆ ಒಗ್ಗಿಹೋಗುತ್ತದೆ. ಹಾರ್ವರ್ಡ್‌ನ ಸಂಶೋಧಕ ಯಾಗ್ಲೂ 1936ರಲ್ಲಿ ಗಾಳಿಯ ಪ್ರಮಾಣ ನಿಗದಿಮಾಡಲು ನಡೆಸಿದ ಪರೀಕ್ಷೆಗಳಲ್ಲಿ ತೀರ್ಪು ಕೊಡಲು ಹೊರಗಿನ ತಾಜಾ ಗಾಳಿಯಿಂದ ಆಗಷ್ಟೇ ಒಳಬಂದವರನ್ನು ನೇಮಿಸಿದ್ದು ಇದಕ್ಕಾಗಿಯೇ. ವಾಸನೆಯೇ ಇಲ್ಲದ ಅಪಾಯಗಳಿಗೆ ಯಾರ ಮೂಗೂ ಸಾಕಾಗದು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಸುಮಾರು 30 ಮಂದಿಯನ್ನು ಬಲಿ ತೆಗೆದುಕೊಂಡ ನ್ಯುಮೋನಿಯಾಕ್ಕೆ ಕಾರಣವಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ, ಹವಾನಿಯಂತ್ರಣದ ಕೂಲಿಂಗ್ ಟವರುಗಳ ಬೆಚ್ಚನೆಯ ನೀರಿನಲ್ಲಿ ಬೆಳೆದು ತುಂತುರಿನೊಡನೆ ಗಾಳಿಗೆ ಸೇರುವಂಥದು. ಅದೇ ಬಗೆಯ ಟವರುಗಳು ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲಿವೆ. ಹೊಸ ಗಾಳಿಯ ಕಿಂಡಿ ಅವುಗಳಿಂದ ಎಷ್ಟು ದೂರದಲ್ಲಿದೆ, ಅವುಗಳ ನೀರನ್ನು ಯಾವಾಗ ಪರೀಕ್ಷಿಸಿದ್ದು ಎಂಬ ಪ್ರಶ್ನೆಗಳು ಬಾಡಿಗೆಯ ಕರಾರಿನಲ್ಲಿ ಬರುವುದಿಲ್ಲ.

ಅಳೆಯದಿರುವುದೇ ಇಲ್ಲಿನ ಮೂಲ ರೋಗ. ಕರ್ನಾಟಕದಲ್ಲಿ ಲಿಫ್ಟ್ ಅಳವಡಿಸಿದರೆ ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿ ಬಂದು ನೋಡಬೇಕು, ಕಟ್ಟಡ ಎತ್ತರವಾಗಿದ್ದರೆ ಅಗ್ನಿಶಾಮಕ ಇಲಾಖೆ ಒಪ್ಪಬೇಕು. 1948ರ ಕಾರ್ಖಾನೆಗಳ ಕಾಯ್ದೆ ತನ್ನ 13ನೇ ಪ್ರಕರಣದಲ್ಲಿ ಕೆಲಸದ ಕೋಣೆಗಳಲ್ಲಿ ತಾಜಾ ಗಾಳಿಯ ಸಂಚಾರವನ್ನೂ ಹಿತವಾದ ಉಷ್ಣತೆಯನ್ನೂ ಎರಡು ಬೇರೆ ಬೇರೆ ಕರ್ತವ್ಯಗಳೆಂದೇ ಹೆಸರಿಸಿತ್ತು. ಗಿರಣಿಯ ಕಾರ್ಮಿಕನ ವಿಷಯದಲ್ಲಿ ಶಾಸನಕ್ಕಿದ್ದ ಈ ವಿವೇಕ ಗಾಜಿನ ಕಚೇರಿಗಳ ರೂಢಿಗೆ ಇಳಿಯಲಿಲ್ಲ. ಜಪಾನ್ 1970ರಲ್ಲಿಯೇ ಕಟ್ಟಡಗಳ ನೈರ್ಮಲ್ಯಕ್ಕೆಂದು ಕಾನೂನು ಮಾಡಿ, 3,000 ಚದರ ಮೀಟರಿಗೆ ಮೇಲ್ಪಟ್ಟ ಕಚೇರಿಗಳಂಥ ಕಟ್ಟಡಗಳಲ್ಲಿ ಇಂಗಾಲದ ಡೈಆಕ್ಸೈಡ್ 1,000 ಪಿಪಿಎಂ ಒಳಗಿರಬೇಕೆಂದೂ ಎರಡು ತಿಂಗಳಿಗೊಮ್ಮೆ ಅಳೆದು ದಾಖಲಿಸಬೇಕೆಂದೂ ವಿಧಿಸಿತು. ತೈಲಕ್ಕಾಗಿ ಬಹುತೇಕ ಪೂರ್ತಿಯಾಗಿ ಹೊರದೇಶಗಳನ್ನೇ ಅವಲಂಬಿಸಿದ್ದರೂ 1973ರ ಬಿಕ್ಕಟ್ಟಿನಲ್ಲಿ ಆ ಮಿತಿಯನ್ನು ಸಡಿಲಿಸಲಿಲ್ಲ. ಅಳೆಯುವ ಉಪಕರಣ ಇಂದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಅಂಗೈಯಗಲದ್ದು, ಯಾರು ಬೇಕಾದರೂ ಓದಬಹುದಾದದ್ದು. ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ಪ್ರತಿ ಮಹಡಿಯ ಹೊಸ ಗಾಳಿಯ ಪ್ರಮಾಣವನ್ನು ಯಂತ್ರ ಓಡಿಸಿ ಅಳೆದು ದಾಖಲಿಸುವುದು, ಜನ ಕೂರುವ ಪ್ರತಿ ಹಜಾರದಲ್ಲೂ ಮೀಟಿಂಗ್ ರೂಮಿನಲ್ಲೂ ಅಂಕಿ ಎಲ್ಲರಿಗೂ ಕಾಣುವಂತೆ ಉಪಕರಣ ತೂಗುಹಾಕುವುದು, ಎರಡು ತಿಂಗಳಿಗೊಮ್ಮೆ ಆ ದಾಖಲೆಯನ್ನು ನೌಕರರ ಮುಂದಿಡುವುದು, ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ಅಳತೆ ನಡೆಯಬೇಕಾದದ್ದು ಮಾತ್ರ ಕಚೇರಿ ಅರ್ಧ ಖಾಲಿಯಿರುವ ಶನಿವಾರದ ಬೆಳಗ್ಗೆ ಅಲ್ಲ, ಎಲ್ಲ ಕುರ್ಚಿಗಳೂ ತುಂಬಿದ ಮಧ್ಯಾಹ್ನದ ಮೂರು ಗಂಟೆಗೆ. ಮತ್ತು ಸಂಜೆಯ ನಂತರ ಕಟ್ಟಡದ ಕೇಂದ್ರ ವ್ಯವಸ್ಥೆ ನಿಂತ ಮೇಲೆ, ಹೊಸ ಗಾಳಿಯಿಲ್ಲದ ಬಿಡಿ ಏ.ಸಿ.ಗಳ ಕೆಳಗೆ ಬೆಳಗಿನ ಜಾವದವರೆಗೆ ಹೆಡ್‌ಫೋನು ತೊಟ್ಟು ಕೂರುವ ರಾತ್ರಿ ಪಾಳಿಯವರ ಮಹಡಿಯಲ್ಲಿ, ಅವರು ಅಲ್ಲಿರುವ ಹೊತ್ತಿನಲ್ಲಿಯೇ.